ಕಾಡಿನ ಮಣ್ಣು, ತೊಗರಿ ಹೊಲದ ಮಣ್ಣು: ಸತ್ವ ಹೋಲಿಸುವುದು ಹೇಗೆ?

ಕಲಬುರಗಿ ಜಿಲ್ಲೆಯ ಚಿಂಚೋಳಿ ಭಾಗದಲ್ಲಿ ಕುರುಚಲು ಕಾಡು ಮುಗಿದಲ್ಲೇ ತೊಗರಿ ಹೊಲ ಶುರುವಾಗುತ್ತದೆ. ಉಳುಮೆಯಿಂದ ಮಣ್ಣಿನ ಸತ್ವ ಎಷ್ಟು ಕರಗಿದೆ ಎಂದು ತಿಳಿಯಲು ಇಂಥ ಅಂಚುಗಳೇ ತಕ್ಕ ಜಾಗ.

ಮೊದಲು ಕಾಡು-ಹೊಲದ ಜೋಡಿ ಆರಿಸಿಕೊಳ್ಳಿ. ಬಹಳ ಮಂದಿ ಎಡವುವುದು ಇಲ್ಲೇ. ಗುಡ್ಡದ ಕೆಂಪು ಮಡ್ಡಿ ಮಣ್ಣನ್ನು ತಗ್ಗಿನ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಹೋಲಿಸಿದರೆ ಕಾಣುವುದು ಮಣ್ಣಿನ ಜಾತಿಯ ವ್ಯತ್ಯಾಸ, ಬೇಸಾಯದ್ದಲ್ಲ. ಎರೆಯಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಬಣ್ಣ, ಆಳ, ಇಳಿಜಾರು ಹೊಂದುವ ಕನಿಷ್ಠ ಮೂರು ಜೋಡಿ ಬೇಕು. ಒಂದರ ಮಣ್ಣು ಇನ್ನೊಂದಕ್ಕೆ ಬೆರೆಸಬಾರದು. ಚಿಂಚೋಳಿ ವನ್ಯಜೀವಿ ಧಾಮದೊಳಗೆ ಅಗೆಯಲು ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ.

ತೊಗರಿ ರಾಶಿ ಮುಗಿದ ಮೇಲೆ, ಗೊಬ್ಬರ ಹಾಕುವ ಮೊದಲು, ಎರಡೂ ಕಡೆ ಒಂದೇ ದಿನ ಮಾದರಿ ತೆಗೆಯಿರಿ. ಬದು, ತಿಪ್ಪೆ, ಒಂಟಿ ಮರದ ಬುಡ ಬಿಟ್ಟು ಅಂಕುಡೊಂಕಾಗಿ 10 ಕಡೆ 15 ಸೆಂ.ಮೀ. ಆಳದ ‘ವಿ’ ಆಕಾರದ ಗುಂಡಿ ತೋಡಿ, ಅದರ ಒಂದು ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಇಂಚು ದಪ್ಪದ ಪದರ ಕತ್ತರಿಸಿ. ಕಾಡಿನಲ್ಲಿ ಒಣ ತರಗೆಲೆ ಮಾತ್ರ ಸರಿಸಿ. ಅದರಡಿ ಮಣ್ಣಿಗೆ ಬೆರೆತಿರುವ ಕಪ್ಪು ಪುಡಿಯನ್ನು ಕೆರೆದರೆ ಕಾಡಿನ ಸತ್ವವನ್ನೇ ಎಸೆದಂತೆ. ಜಿಂಕ್ ಲೇಪದ ತಗಡಿನ ಬಕೆಟ್ ಬೇಡ, ಸತುವಿನ ಲೆಕ್ಕ ಕೆಡುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಹರವಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಹಳೆಯ ಗೊಬ್ಬರದ ಚೀಲ ಮುಟ್ಟಲೇಬೇಡಿ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಕೆಲಸ: ಮಣ್ಣಿನ ಸಾಂದ್ರತೆ, ಅಂದರೆ ಒಂದು ಘನ ಸೆಂ.ಮೀ. ಮಣ್ಣಿನ ಒಣ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಪ್ರಯೋಗಾಲಯದವರು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಅಂಕಿಯನ್ನು 2.24ರಿಂದ ಗುಣಿಸಿ ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರೆಯುತ್ತಾರೆ. ಅದು ಸುಮಾರು 1.5 ಸಾಂದ್ರತೆಯ ಮಣ್ಣಿನ ಲೆಕ್ಕ. ಕಾಡಿನ ಮಣ್ಣು ಸಡಿಲ. ಸಾಂದ್ರತೆ 1.1 ಇದ್ದರೆ 100 ಪಿಪಿಎಂ ಸಾರಜನಕ ಎಂದರೆ 165 ಕಿಲೋ. ವರದಿಯಲ್ಲಿ ಮಾತ್ರ 224 ಎಂದಿರುತ್ತದೆ. ಆದ್ದರಿಂದ ಪಿಪಿಎಂ ಅಂಕಿಯನ್ನೇ ಕೇಳಿ ಪಡೆಯಿರಿ. ಒಳವ್ಯಾಸ 7, ಎತ್ತರ 7 ಸೆಂ.ಮೀ. ಇರುವ ಕಬ್ಬಿಣದ ಬಳೆಯನ್ನು ಮಣ್ಣಿಗೆ ನೆಟ್ಟಗೆ ಇಳಿಸಿ, ಒಳಗಿನ ಮಣ್ಣು ಉದುರದಂತೆ ತೆಗೆದು, ಅಂಚು ಸವರಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿ. ಗ್ರಾಂ ತೂಕವನ್ನು 269ರಿಂದ ಭಾಗಿಸಿದರೆ ಸಾಂದ್ರತೆ. ಪಿಪಿಎಂ × ಸಾಂದ್ರತೆ × 1.5 ಮಾಡಿದರೆ ಮೇಲಿನ 15 ಸೆಂ.ಮೀ. ಪದರದಲ್ಲಿ ಹೆಕ್ಟೇರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. ಎರೆ ಒಣಗಿ ಬಿರುಕು ಬಿಟ್ಟಾಗ ಬಳೆ ಇಳಿಸಬೇಡಿ, ಸಾಂದ್ರತೆ ತಪ್ಪಾಗುತ್ತದೆ. ಎರಡೂ ಕಡೆ ಹಸಿ ಒಂದೇ ಹದದಲ್ಲಿ ಇರುವಾಗಲೇ ತೆಗೆಯಿರಿ.

ರಂಜಕಕ್ಕೆ ಎರಡೂ ಮಾದರಿಗೆ ಒಂದೇ ವಿಧಾನ ಇರಲಿ. ಕ್ಷಾರ ಮಣ್ಣಿಗೆ ಓಲ್ಸೆನ್, ಹುಳಿ ಮಣ್ಣಿಗೆ ಬ್ರೇ ವಿಧಾನ ರೂಢಿಯಲ್ಲಿದೆ. ಒಂದರ ಅಂಕಿ ಇನ್ನೊಂದರ ಪಕ್ಕ ಇಟ್ಟು ನೋಡುವಂತಿಲ್ಲ.

ವರದಿ ಕೈಗೆ ಬಂದಾಗ ಮೊದಲು ಸಾವಯವ ಇಂಗಾಲ ನೋಡಿ: ಶೇ 0.5ಕ್ಕಿಂತ ಕಡಿಮೆ ಇದ್ದರೆ ಬಡ ಮಣ್ಣು, 0.75 ದಾಟಿದರೆ ಉತ್ತಮ. ಸತು 0.6 ಪಿಪಿಎಂಗಿಂತ ಕೆಳಗಿದ್ದರೆ ಕೊರತೆ. ರಂಜಕ ಕಾಡಿಗಿಂತ ಹೊಲದಲ್ಲೇ ಹೆಚ್ಚು ಕಂಡರೆ ಪರೀಕ್ಷೆ ತಪ್ಪಿತೆಂದು ತಿಳಿಯಬೇಡಿ. ವರ್ಷ ವರ್ಷ ಹಾಕಿದ ಡಿಎಪಿ ಗೊಬ್ಬರದ ರಂಜಕ ಸಾರಜನಕದಂತೆ ಸುಲಭವಾಗಿ ಕೊಚ್ಚಿ ಹೋಗದು, ಮಣ್ಣಿಗೆ ಅಂಟಿ ಕೂರುತ್ತದೆ. ಅಂಥ ಹೊಲಕ್ಕೆ ಮುಂದಿನ ಬಿತ್ತನೆಗೆ ಡಿಎಪಿ ಎಷ್ಟು ಇಳಿಸಬಹುದೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ವರದಿ ತೋರಿಸಿ ಕೇಳಿ.