ಇಂಪಲ್ಸ್ ಪಾಠಕ್ಕೆ ಒಂದು ಮೊಟ್ಟೆ, ಒಂದು ಕೌದಿ

ಪಿಯುಸಿ ಮಕ್ಕಳಿಗೆ ಇಂಪಲ್ಸ್ ಪಾಠವನ್ನು ನಾನು ಬೋರ್ಡಿನ ಮೇಲೆ ಶುರು ಮಾಡುವುದಿಲ್ಲ. ಇಂಪಲ್ಸ್ ಅಂದರೆ ಸರಾಸರಿ ಬಲವನ್ನು ಅದು ತಾಗಿದ ಸಮಯದಿಂದ ಗುಣಿಸಿದ್ದು; ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದ ಬದಲಾವಣೆಯಿಂದ ಗುಣಿಸಿದರೂ ಅದೇ ಸಿಗುತ್ತದೆ. ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಟ್ಯೂಷನ್. ಕೆಳಗೆ ಶಾಬಾದ್ ಕಲ್ಲಿನ ನೆಲ, ಮೂಲೆಯಲ್ಲಿ ಅತ್ತೆ ಹೊಲಿದ ಕೌದಿ. ನನ್ನ ಲ್ಯಾಬ್ ಇಷ್ಟೇ. ನೀವೂ ಮನೆಯಲ್ಲಿ ಮಾಡಿ ನೋಡಿ.

ಕೌದಿಯನ್ನು ದಪ್ಪಗೆ ಮಡಚಿ ಹಾಸಿ. ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಇರಲಿ, ಅತ್ತೆ ಬೈಯಬಾರದಲ್ವಾ. ಒಂದು ಮೀಟರ್ ಎತ್ತರದಿಂದ ಹಸಿ ಮೊಟ್ಟೆ ಬಿಡಿ. ಎಸೆಯಬೇಡಿ, ಸುಮ್ನೆ ಬೆರಳು ಬಿಡಿಸಿ. ಮೊದಲು ಕೌದಿಯ ಮೇಲೆ, ಆಮೇಲೆ ಅದೇ ಮೊಟ್ಟೆಯನ್ನು ಕಲ್ಲಿನ ಮೇಲೆ. ಕ್ರಮ ತಿರುಗಿಸಿದರೆ ಎರಡು ಮೊಟ್ಟೆ ಖರ್ಚು.

ಒಡೆದದ್ದನ್ನು ಒರೆಸುವ ಮೊದಲು ಒಂದು ಪ್ರಶ್ನೆ ಕೇಳಿ: ಎರಡು ಸಲದಲ್ಲಿ ಯಾವಾಗ ಇಂಪಲ್ಸ್ ಜಾಸ್ತಿ? ಹೆಚ್ಚಿನವರು ಕಲ್ಲು ಅಂತಾರೆ. ಅಲ್ಲೇ ಪಾಠ ಇರುವುದು. 55 ಗ್ರಾಂ ಮೊಟ್ಟೆ ಒಂದು ಮೀಟರ್ ಬಿದ್ದಾಗ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ನಿಲ್ಲಬೇಕಾದರೆ ಅದು 0.055 ಕೆಜಿ ಗುಣಿಸು 4.4, ಅಂದರೆ ಸುಮಾರು 0.24 ನ್ಯೂಟನ್-ಸೆಕೆಂಡ್ ಇಂಪಲ್ಸ್ ಪಡೆಯಲೇಬೇಕು. ಕಲ್ಲಾದರೂ ಅಷ್ಟೇ, ಕೌದಿಯಾದರೂ ಅಷ್ಟೇ. ಕಲ್ಲಿನ ಮೇಲೆ 0.002 ಸೆಕೆಂಡಿನಲ್ಲಿ ನಿಂತಿತು ಅಂತಿಟ್ಟುಕೊಳ್ಳಿ, ಸರಾಸರಿ ಬಲ 120 ನ್ಯೂಟನ್. ಕೌದಿಯ ಮೇಲೆ 0.02 ಸೆಕೆಂಡ್ ಹಿಡಿದರೆ 12 ನ್ಯೂಟನ್ ಮಾತ್ರ. ಮೊಟ್ಟೆಯ ತೂಕದ ಅರ್ಧ ನ್ಯೂಟನ್ನನ್ನು ಇಲ್ಲಿ ಬಿಟ್ಟಿದ್ದೇನೆ.

ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲ್ ಮಾಡುವ ಕೆಲಸವೂ ಇದೇ. ತಾನು ಜಜ್ಜಿಹೋಗಿ ತಲೆಗೆ ಸಮಯ ಕೊಡುತ್ತದೆ. ಜಜ್ಜಿದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಆದ್ದರಿಂದ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗಡೆ ಚೆನ್ನಾಗಿ ಕಂಡರೂ ಬದಲಾಯಿಸಿ. ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಓಡಾಡುವವರಿಗೆ ಯಾವ ಫಿಸಿಕ್ಸೂ ಸಹಾಯ ಮಾಡುವುದಿಲ್ಲ.

ಇನ್ನು ಲೆಕ್ಕ. ಮಾರ್ಕ್ಸ್ ಹೋಗುವುದು ಸೂತ್ರದಲ್ಲಲ್ಲ, ಚಿಹ್ನೆಯಲ್ಲಿ. 0.16 ಕೆಜಿ ಚೆಂಡು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಗೋಡೆಗೆ ಬಡಿದು, 10 ಮೀಟರ್ ವೇಗದಲ್ಲಿ ವಾಪಸ್ ಬರುತ್ತದೆ. ಮಕ್ಕಳು ಹದಿನೈದರಲ್ಲಿ ಹತ್ತು ಕಳೆದು, 0.16ರಿಂದ ಗುಣಿಸಿ, ಇಂಪಲ್ಸ್ 0.8 ಅಂತ ಬರೆದು ಕೂತಿರುತ್ತಾರೆ. ಮೊದಲು ಬಾಣ ಹಾಕಿಸಿ. ಗೋಡೆ ಕಡೆಗೆ ಹೋಗುವುದು ಪ್ಲಸ್, ವಾಪಸ್ ಬರುವುದು ಮೈನಸ್. ಕೊನೆಯ ವೇಗದಿಂದ ಮೊದಲಿನದನ್ನು ಕಳೆಯಿರಿ: ಮೈನಸ್ 10, ಮೈನಸ್ 15, ಒಟ್ಟು ಮೈನಸ್ 25. ಅದನ್ನು 0.16ರಿಂದ ಗುಣಿಸಿದರೆ ಮೈನಸ್ 4 ನ್ಯೂಟನ್-ಸೆಕೆಂಡ್. ಚೆಂಡನ್ನು ಗೋಡೆ ಹಿಂದಕ್ಕೆ ತಳ್ಳಿತು ಅಂತಲೇ ಆ ಮೈನಸ್. ಬಾಣ ಇಲ್ಲದ ಉತ್ತರವನ್ನು ನಾನು ನೋಡುವುದೇ ಇಲ್ಲ, ಮಕ್ಕಳು ಎಷ್ಟು ಗೊಣಗಿದರೂ ಸರಿ.

ಗ್ರಾಫ್ ಕೊಟ್ಟರೆ ಹೆದರಬೇಡಿ. ಬಲ ಮತ್ತು ಸಮಯದ ಗ್ರಾಫಿನ ಕೆಳಗಿನ ವಿಸ್ತೀರ್ಣವೇ ಇಂಪಲ್ಸ್. ಇದೇ ಚೆಂಡು 0.005 ಸೆಕೆಂಡ್ ಗೋಡೆಗೆ ತಾಗಿದ್ದರೆ ಸರಾಸರಿ ಬಲ 800 ನ್ಯೂಟನ್. ಗ್ರಾಫ್ ತ್ರಿಕೋನವಾಗಿದ್ದರೆ ತುದಿಯ ಬಲ ಅದರ ಎರಡರಷ್ಟು, 1600.

ಬಯಾಲಜಿಯಲ್ಲಿ ಬರುವ ನರದ ಇಂಪಲ್ಸ್ ಬೇರೆ. ಅದು ನರದಲ್ಲಿ ಹರಿಯುವ ವಿದ್ಯುತ್ ಸಂಕೇತ. ಈ ಸೂತ್ರವನ್ನು ಅಲ್ಲಿಗೆ ಎಳೆಯಬೇಡಿ. ರಾಕೆಟ್ಟಿನ ಸ್ಪೆಸಿಫಿಕ್ ಇಂಪಲ್ಸ್ ಮಾತ್ರ ನಮ್ಮ ಇಂಪಲ್ಸಿನ ನೆಂಟ. ಉರಿದ ಇಂಧನದ ತೂಕದಿಂದ ಇಂಪಲ್ಸನ್ನು ಭಾಗಿಸಿದರೆ ಸಿಗುವುದು ಅದು. ನ್ಯೂಟನ್ ಮೇಲೂ ಕೆಳಗೂ ಹೊಡೆದುಹೋಗಿ ಸೆಕೆಂಡ್ ಮಾತ್ರ ಉಳಿಯುತ್ತದೆ. ಇಸ್ರೋದ ಸಿಇ-20 ಕ್ರಯೋಜೆನಿಕ್ ಎಂಜಿನ್ನಿಗೆ ಸುಮಾರು 442 ಸೆಕೆಂಡ್ ಅಂತ ಓದಿದರೆ, ಅದು ಎಂಜಿನ್ ಉರಿಯುವ ಹೊತ್ತಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ.