ನೆಟ್ಟ ಗಿಡ ನಾಲ್ಕು ಸಾಲು ಕೆಳಗೆ

ಯಾವ ಸಮಸ್ಯೆ ಕೊಟ್ಟರೂ ನಮ್ಮ ಪದವಿ ವಿದ್ಯಾರ್ಥಿಗಳು ಮೊದಲು ಹುಡುಕುವುದು ತಪ್ಪಿತಸ್ಥನನ್ನು. ಕಾಫಿ ಬೆಲೆ ಬಿದ್ದರೆ ವ್ಯಾಪಾರಿ ಕಳ್ಳ, ಇಲ್ಲವೇ ಸರ್ಕಾರ ಕುರುಡು. ಈ ಚಾಳಿ ಬಿಡಿಸಲೆಂದೇ ನಾನು ಸಿಸ್ಟಂ ಡೈನಾಮಿಕ್ಸ್ ಪಾಠಕ್ಕೆ ಕೈಹಾಕಿದೆ; ಒಂದು ವ್ಯವಸ್ಥೆಯ ಭಾಗಗಳು ಕಾಲ ಕಳೆದಂತೆ ಒಂದನ್ನೊಂದು ಹೇಗೆ ಬದಲಿಸುತ್ತವೆಂದು ಲೆಕ್ಕ ಹಾಕಿ ನೋಡುವ ವಿಧಾನವಿದು. 1950ರ ದಶಕದಲ್ಲಿ ಇದನ್ನು ರೂಪಿಸಿದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್, ಕಾರ್ಖಾನೆಯೊಂದರ ಏರಿಳಿತದ ಮೂಲ ಅದರ ಒಳಗಿನ ನಿರ್ಧಾರಗಳಲ್ಲೇ ಇದೆಯೆಂದು ಪೆನ್ಸಿಲ್, ಕಾಗದದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಹಾಗಾಗಿ ನನ್ನ ತರಗತಿಯಲ್ಲೂ ಕಂಪ್ಯೂಟರ್‌ಗೆ ಆರಂಭದಲ್ಲಿ ಪ್ರವೇಶವಿಲ್ಲ.

ಮೊದಲ ಪಾಠ ಕೊಡಗಿನ ಹಾರಂಗಿ ಜಲಾಶಯದ್ದು. ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯದ ಒಳಹರಿವು, ಹೊರಹರಿವನ್ನು ಕ್ಯೂಸೆಕ್‌ನಲ್ಲಿ (ಸೆಕೆಂಡಿಗೆ ಇಷ್ಟು ಘನ ಅಡಿ ಎಂದು), ಸಂಗ್ರಹವನ್ನು ಟಿಎಂಸಿಯಲ್ಲಿ (ನೂರು ಕೋಟಿ ಘನ ಅಡಿಗೆ ಒಂದರಂತೆ) ಕೊಡುತ್ತವೆ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಮಳೆ ತಗ್ಗಿ ಒಳಹರಿವು ಇಳಿಯತೊಡಗಿದರೆ ಸಂಗ್ರಹವೂ ಇಳಿಯುತ್ತದೆಯೇ ಎಂದು ಕೇಳಿದರೆ ಹೆಚ್ಚಿನವರು ಹೌದೆನ್ನುತ್ತಾರೆ. ಒಳಹರಿವು ಹೊರಹರಿವಿಗಿಂತ ಹೆಚ್ಚಿರುವವರೆಗೆ ನೀರು ಏರುತ್ತಲೇ ಇರುತ್ತದೆ ಎಂಬುದು ಕೂಡಿ ಕಳೆದು ನೋಡುವವರೆಗೆ ತಲೆಗೆ ಹೋಗುವುದಿಲ್ಲ.

ಆಮೇಲೆ ಕಾಫಿ. ಎಕರೆ, ಫಸಲು, ಬೆಲೆ, ಹೊಸ ನಾಟಿ ಎಂದು ನಾಲ್ಕು ಅಂಕಣ ಹಾಕಿ ವರ್ಷಕ್ಕೊಂದು ಸಾಲು ತುಂಬಬೇಕು. ಎಷ್ಟು ಬೆಲೆ ಬಂದಾಗ ಹೊಸದಾಗಿ ನೆಟ್ಟಿರಿ ಎಂದು ಮನೆಯ ಹಿರಿಯರನ್ನೇ ಕೇಳಿ ಬರಲು ಹೇಳಿದೆ. ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು; ಆದ್ದರಿಂದ ಈ ವರ್ಷ ನೆಟ್ಟ ಎಕರೆಯನ್ನು ಫಸಲು ಕೊಡುವ ಎಕರೆಗೆ ಸೇರಿಸುವುದು ನಾಲ್ಕು ಸಾಲು ಕೆಳಗೆ. ಅಷ್ಟರಲ್ಲಿ ಬೆಲೆ ಇನ್ನೂ ಚೆನ್ನಾಗಿದೆಯೆಂದು ಪ್ರತಿ ವರ್ಷವೂ ನಾಟಿ ನಡೆದಿರುತ್ತದೆ. ಅದೆಲ್ಲ ಒಂದರ ಹಿಂದೊಂದು ಫಸಲಿಗೆ ಬಂದು ಬೆಲೆ ಕುಸಿದಾಗ ಒಬ್ಬ ಹುಡುಗಿ ಹಾಳೆಯಿಂದ ತಲೆಯೆತ್ತಿ, "ಸರ್, ಇದರಲ್ಲಿ ವ್ಯಾಪಾರಿಯನ್ನು ನಾವು ಸೇರಿಸಿಯೇ ಇಲ್ಲವಲ್ಲ?" ಎಂದಳು.

ಹಿಂದಿನ ಬೆಂಚಿನವನೊಬ್ಬ ಸುಮ್ಮನಿರಲಿಲ್ಲ. "ಕೊಡಗಿನವರು ನೆಟ್ಟರೂ ಬಿಟ್ಟರೂ ಲಂಡನ್ ಮಾರುಕಟ್ಟೆಯ ರೋಬಸ್ಟಾ ಕಾಫಿ ಬೆಲೆ ಅಲ್ಲಾಡುವುದಿಲ್ಲ ಸರ್." ಮಾದರಿಯ ಗಡಿ ಎಲ್ಲಿ, ಅಂದರೆ ಲೆಕ್ಕದೊಳಗೆ ಏನೇನು ಬರಬೇಕು ಎಂಬ ಪ್ರಶ್ನೆಯನ್ನು ನಾನು ಎತ್ತುವ ಮೊದಲೇ ಅವನು ಎತ್ತಿದ್ದ. ಒಂದೇ ಜಿಲ್ಲೆಯ ಲೆಕ್ಕಕ್ಕೆ ಬೆಲೆ ಹೊರಗಿನದು; ಜಗತ್ತಿನ ಬೆಳೆಗಾರರನ್ನೆಲ್ಲ ಒಳಗೆ ತಂದರೆ ಮಾತ್ರ ಬೆಲೆಯಿಂದ ನಾಟಿಗೆ, ನಾಟಿಯಿಂದ ಬೆಲೆಗೆ ಹೋಗುವ ಸುತ್ತು ಪೂರ್ಣವಾಗುತ್ತದೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಗಿಡ ಸುಡುವ ಹಿಮ (ಫ್ರಾಸ್ಟ್) ಕವಿದು ಬೆಲೆ ಜಿಗಿಯಿತು, ವಿಯೆಟ್ನಾಂನಲ್ಲಿ ತೋಟಗಳು ಹಬ್ಬಿದವು, 2001ರ ಹೊತ್ತಿಗೆ ಬೆಲೆ ನೆಲಕಚ್ಚಿತು. ಹಿಮ ಹೊರಗಿನಿಂದ ಬಂದದ್ದು. ಆಮೇಲಿನ ಕುಸಿತಕ್ಕೆ ದೊಡ್ಡ ಕಾರಣ ಬೆಳೆಗಾರರ ನಿರ್ಧಾರಗಳೇ.

ಬೆಲೆ ಬಿದ್ದಾಗ ಗಿಡ ಯಾಕೆ ಕೀಳುವುದಿಲ್ಲ ಎಂಬುದರ ಮೇಲೆ ದೊಡ್ಡ ಜಗಳವೇ ಆಯಿತು. ನೆರಳಿನ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಆ ವರ್ಷಗಳಲ್ಲಿ ಮನೆ ನಡೆಸುತ್ತದೆ ಎಂದು ತೋಟದ ಮನೆಯ ಮಕ್ಕಳು ಪಟ್ಟು ಹಿಡಿದರು. ಮೆಣಸಿಗೂ ಅದರದೇ ಬೆಲೆ, ಅದರದೇ ವಿಳಂಬ. ಅಂಕಣಗಳು ಹಾಳೆಯ ಅಂಚು ದಾಟಿದವು. ಆಗ ಲ್ಯಾಬಿನ ಬೀಗ ತೆಗೆಸಿ, ಇಂಥ ಲೆಕ್ಕಕ್ಕೆಂದೇ ಇರುವ ವೆನ್ಸಿಮ್ ಎಂಬ ತಂತ್ರಾಂಶ ತೆರೆದೆವು.