ಬ್ರಾಯ್ಲರ್ ಮರಿಗಳ ರಕ್ತಭೇದಿಗೆ ಗಿಡಮೂಲಿಕೆ: ಫೀಡ್‌ಗೆ ಹೇಗೆ ಬೆರೆಸೋದು?

ಮೊದಲೇ ಒಂದು ಮಾತು. ಅರಿಶಿನ, ಬೆಳ್ಳುಳ್ಳಿ ಎಲ್ಲ ಬೇಲಿ ಇದ್ದ ಹಾಗೆ. ಕಳ್ಳ ಒಳಗೆ ಬಂದ ಮೇಲೆ ಬೇಲಿ ಕಟ್ಟಿ ಏನೂ ಉಪಯೋಗವಿಲ್ಲ ಅಲ್ವಾ?

ಇಲ್ಲಿ ಕಳ್ಳ ಅಂದರೆ ಐಮೀರಿಯಾ ಅನ್ನೋ ಏಕಕೋಶ ಪರಾವಲಂಬಿ, ಅದರಿಂದ ಬರೋ ಈ ರಕ್ತಭೇದಿ ಕಾಯಿಲೆಯೇ ಕಾಕ್ಸಿಡಿಯೋಸಿಸ್. ಇದು ಜಂತುಹುಳು ಅಲ್ಲ, ಹಾಗಾಗಿ ಜಂತಿನ ಔಷಧಿ ಹಾಕಿದರೆ ಸುಮ್ನೆ ದಂಡ. ಹಿಕ್ಕೆಯಲ್ಲಿ ಹೊರಬಂದ ಇದರ ಮೊಟ್ಟೆಯಂಥ ಕಣಗಳು ಬೆಚ್ಚಗಿನ ಒದ್ದೆ ಲಿಟರ್‌ನಲ್ಲಿ (ನೆಲಕ್ಕೆ ಹಾಸಿರೋ ಹೊಟ್ಟಿನಲ್ಲಿ) ಒಂದೆರಡು ದಿನದಲ್ಲೇ ರೋಗ ಹರಡೋಕೆ ಸಿದ್ಧವಾಗುತ್ತವೆ, ಮರಿ ಕೆದಕಿ ತಿಂದರೆ ಮತ್ತೆ ಅದೇ ಸುತ್ತು. ಸಾಮಾನ್ಯವಾಗಿ 3ರಿಂದ 6 ವಾರದ ಮರಿಗಳಿಗೆ ಕಾಟ ಜಾಸ್ತಿ, ಆದ್ದರಿಂದ ಮೂಲಿಕೆಯನ್ನು ಎರಡನೇ ವಾರದಲ್ಲೇ ಶುರು ಮಾಡಿ.

ಅರಿಶಿನದ ಪುಡಿ ಕೆಜಿ ಫೀಡ್‌ಗೆ 5 ಗ್ರಾಂ ಸಾಕು, ಅಂದರೆ 50 ಕೆಜಿಗೆ 250 ಗ್ರಾಂ. ಅಷ್ಟನ್ನೂ ಒಟ್ಟಿಗೆ ಸುರಿಯಬೇಡಿ! ಮೊದಲು ಒಂದು ಕೆಜಿ ಫೀಡ್‌ನಲ್ಲಿ ಕಲಸಿ, ಅದನ್ನು ಐದು ಕೆಜಿಗೆ, ಆಮೇಲೆ ಪೂರ್ತಿ ರಾಶಿಗೆ ಬೆರೆಸಿ. ಹಳದಿ ಗೆರೆ ಕಾಣಿಸ್ತಾ ಇದ್ದರೆ ಇನ್ನೂ ಬೆರೆತಿಲ್ಲ ಅಂತ ಅರ್ಥ. ಅರಿಶಿನದಲ್ಲಿ ನನಗೆ ಇಷ್ಟವಾಗೋದೇ ಇದು, ತಪ್ಪು ಕಣ್ಣಿಗೆ ಕಾಣುತ್ತೆ.

ಬೆಳ್ಳುಳ್ಳಿಯದ್ದು ಸ್ವಲ್ಪ ತಕರಾರು. ಜಜ್ಜಿದಾಗ ಹುಟ್ಟೋ ಅಲಿಸಿನ್ ಬಿಸಿಗೆ ಕೆಡುತ್ತೆ, ಹಸಿಯಾಗಿ ಬೆರೆಸಿದರೆ ಫೀಡ್‌ಗೇ ಬೂಷ್ಟು. ತೆಳ್ಳಗೆ ಹೆಚ್ಚಿ ನೆರಳಲ್ಲಿ ಗರಿಗರಿಯಾಗಿ ಒಣಗಿಸಿ ಪುಡಿ ಮಾಡಿಕೊಳ್ಳಿ, ಇದೂ ಕೆಜಿಗೆ 5 ಗ್ರಾಂ. ಬೇವಿನ ಎಲೆ ಪುಡಿ ಕೆಜಿಗೆ 2 ಗ್ರಾಂ ದಾಟಬೇಡಿ, ಕಹಿ ಹೆಚ್ಚಾದರೆ ಮರಿ ಮೇವು ಬಿಡುತ್ತೆ, ತೂಕ ಬರಲ್ಲ. ಓರೆಗಾನೋ ಎಣ್ಣೆ, ಆರ್ಟೆಮಿಸಿಯಾ ಆನ್ಯುವಾ ಅನ್ನೋ ಗಿಡ ಇರೋ ರೆಡಿ ಮಿಶ್ರಣ ತಂದರೆ ಪೊಟ್ಟಣದ ಮೇಲಿನ ಪ್ರಮಾಣವನ್ನೇ ಹಾಕಿ. ದವನ, ಮಾಚಿಪತ್ರೆ ಕೂಡ ಆರ್ಟೆಮಿಸಿಯಾ ಕುಲದವು ನಿಜ, ಆದರೆ ಅದೇ ಗಿಡ ಅಲ್ಲ.

ಇಷ್ಟೆಲ್ಲ ಮಾಡಿ ಲಿಟರ್ ಒದ್ದೆ ಬಿಟ್ಟರೆ ಎಲ್ಲವೂ ನೀರಲ್ಲಿ ಹೋಮ. ನೀರಿನ ಡ್ರಿಂಕರ್ ಕೆಳಗಿಂದ ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಕೈ ಬಿಟ್ಟ ಮೇಲೂ ಉಂಡೆಯಾಗೇ ಉಳಿದರೆ ಆ ಜಾಗದ ಲಿಟರ್ ತೆಗೆದು ಒಣ ಹೊಟ್ಟು ಹಾಕಿ. ಮಾಮೂಲಿ ಫಿನಾಯಿಲ್‌ಗೆ ಐಮೀರಿಯಾದ ಆ ಮೊಟ್ಟೆಯಂಥ ಕಣಗಳು ಜಗ್ಗಲ್ಲ.

ಹಿಕ್ಕೆಯಲ್ಲಿ ರಕ್ತ ಕಂಡಿತಾ, ಮರಿಗಳು ರೆಕ್ಕೆ ಇಳಿಬಿಟ್ಟು ಮುದುಡಿ ಕೂತಿವೆಯಾ? ಅವತ್ತೇ ಪಶುವೈದ್ಯರನ್ನು ಕರೆಸಿ. ಅವರು ಆಂಪ್ರೋಲಿಯಂ ಬರೆದುಕೊಟ್ಟರೆ, ಆ ದಿನಗಳಲ್ಲಿ ಬಿ1 ಇರೋ ವಿಟಮಿನ್ ಟಾನಿಕ್ ನಿಲ್ಲಿಸಿ, ಏಕೆಂದರೆ ಆ ಔಷಧಿ ಕೆಲಸ ಮಾಡೋದೇ ಪರಾವಲಂಬಿಗೆ ಬಿ1 ಸಿಗದ ಹಾಗೆ ಮಾಡಿ.